ಕಡಲಾಚೆಯಿಂದ ಬಂದ ನೆಂಟರು

ನಮ್ಮ ಕಡೆ ಏಳು ತಲೆಮಾರು ಕಳೆದರೆ ದಾಯಾದಿಗೂ ಸೂತಕವಿಲ್ಲ. ನೆಂಟಸ್ತಿಕೆಗೂ ಒಂದು ಗಡಿ ಇದೆ ಎಂದು ಹಿಂದಿನವರು ಒಪ್ಪಿಕೊಂಡಿದ್ದರು. ಗುಲಾಮರಾಗಿ ಸರಪಳಿ ಬಿಗಿಸಿಕೊಂಡು ಅಟ್ಲಾಂಟಿಕ್ ಸಾಗರ ದಾಟಿದವರ ಸಂತತಿಗೆ ಈ ಲೆಕ್ಕ ಹಿಡಿಯುವುದಿಲ್ಲ. ಏಳಲ್ಲ, ಹತ್ತು ತಲೆಮಾರು ಕಳೆದ ಮೇಲೂ ಅಮೆರಿಕ, ಜಮೈಕಾ, ಬ್ರಿಟನ್‌ಗಳಿಂದ ಕಪ್ಪುವರ್ಣೀಯರು ಆಫ್ರಿಕಾಕ್ಕೆ ಬರುತ್ತಾರೆ. ಟಿಕೆಟ್ ಕೊಂಡು ಬರುವುದು ಪ್ರವಾಸಿಗರಂತೆ, ಮನಸ್ಸಿನಲ್ಲಿ ಮಾತ್ರ ತವರಿಗೆ ಬಂದ ಹಾಗೆ. ಅಲ್ಲಿಯ ಜನ ಅವರನ್ನು ತಮ್ಮವರೆಂದು ಬರಮಾಡಿಕೊಳ್ಳಬೇಕೆ? ಹಾಗೆ ನಿರೀಕ್ಷಿಸುವುದು ನ್ಯಾಯವೆ?

ಕಪ್ಪು ಅಮೆರಿಕನ್ ಕಾದಂಬರಿಕಾರ ರಿಚರ್ಡ್ ರೈಟ್ 1953ರಲ್ಲಿ ಇಂದಿನ ಘಾನಾಕ್ಕೆ, ಅಂದರೆ ಆಗಿನ ಗೋಲ್ಡ್ ಕೋಸ್ಟ್‌ಗೆ ಹೋದ. ನಿಮ್ಮ ಪೂರ್ವಜರು ಆಫ್ರಿಕಾದ ಯಾವ ಭಾಗದವರು ಎಂದು ಅಂಗಡಿಯೊಂದರಲ್ಲಿ ಯಾರೋ ಸಹಜವಾಗಿ ಕೇಳಿದರು. ರೈಟ್‌ಗೆ ಉತ್ತರ ಗೊತ್ತಿರಲಿಲ್ಲ. ಮಾರಿದವರೂ ಕೊಂಡವರೂ ಲೆಕ್ಕ ಇಟ್ಟಿರಲಿಲ್ಲ ಎಂದು ಆತ ನೊಂದು ಹೇಳಿದ್ದನ್ನು ಮರುವರ್ಷ ಬಂದ ಅವನ ‘ಬ್ಲ್ಯಾಕ್ ಪವರ್’ ಪುಸ್ತಕದಲ್ಲಿ ನೋಡಬಹುದು. ಅವನಿಗಿಂತ ಮೂವತ್ತು ವರ್ಷ ಮೊದಲು, 1923ರಲ್ಲಿ, ಹಡಗಿನ ಕೆಲಸಗಾರನಾಗಿ ಪಶ್ಚಿಮ ಆಫ್ರಿಕಾದ ಬಂದರುಗಳನ್ನು ಕಂಡ ಕವಿ ಲ್ಯಾಂಗ್‌ಸ್ಟನ್ ಹ್ಯೂಸ್‌ನದು ಇನ್ನೊಂದು ಬಗೆಯ ನೋವು. ಅವನ ತಿಳಿಬಣ್ಣ ನೋಡಿ ಅಲ್ಲಿನವರು ಅವನನ್ನು ಕಪ್ಪು ಮನುಷ್ಯನೆಂದೇ ಒಪ್ಪಲಿಲ್ಲ. ಈಗಲೂ ಘಾನಾದ ಬೀದಿಗಳಲ್ಲಿ ಮಕ್ಕಳು ಬಿಳಿಯರನ್ನು ಕೂಗುವಂತೆ ಕಡಲಾಚೆಯಿಂದ ಬಂದ ಕಪ್ಪು ಜನರನ್ನೂ ‘ಒಬ್ರೂನಿ’ ಎಂದು ಕೂಗುವುದುಂಟು. ಕೂಗುವ ಮಕ್ಕಳ ಮನಸ್ಸಿನಲ್ಲಿ ಕೆಡುಕಿಲ್ಲ. ಕೇಳಿಸಿಕೊಳ್ಳುವವರಿಗೆ ಮಾತ್ರ ಅದು ತಗಲುತ್ತದೆ.

ಇಷ್ಟು ತಲೆಮಾರಿನ ಮೇಲೆ ಈ ಹಂಬಲವೇಕೆ, ಬರೀ ಭಾವುಕತೆಯಲ್ಲವೆ ಎಂದು ಕೆಲವರು ಕೇಳುತ್ತಾರೆ. ಆ ಮಾತನ್ನು ನಾನು ಒಪ್ಪಲಾರೆ. ಹೊಟ್ಟೆಪಾಡಿಗೆ ಊರು ಬಿಟ್ಟವನಿಗೆ ಬಿಟ್ಟ ಊರಿನ ಹೆಸರಾದರೂ ಗೊತ್ತಿರುತ್ತದೆ. ಇವರಿಗೆ ಅದನ್ನೂ ಉಳಿಸಲಿಲ್ಲ. ವಿದ್ವಾಂಸರು ಹಡಗುಗಳ ದಾಖಲೆ ಹುಡುಕಿ ಕೂಡಿಸಿದ ಅಂದಾಜಿನ ಪ್ರಕಾರ ಸುಮಾರು 1 ಕೋಟಿ 25 ಲಕ್ಷ ಜನರನ್ನು ಆಫ್ರಿಕಾದ ತೀರಗಳಲ್ಲಿ ಹಡಗು ಹತ್ತಿಸಿದರು. ಜೀವಂತ ಇಳಿದವರು ಸುಮಾರು 1 ಕೋಟಿ 7 ಲಕ್ಷ. ಗೋಲ್ಡ್ ಕೋಸ್ಟ್ ಒಂದರಿಂದಲೇ ಹೊರಟವರು ಹನ್ನೆರಡು ಲಕ್ಷದಷ್ಟು. ಹಡಗಿನ ಪುಸ್ತಕಗಳಲ್ಲಿ ಸರಕಿನ ಎಣಿಕೆ ಇದೆ, ಮನುಷ್ಯರ ಹೆಸರಿಲ್ಲ. ಹೆಸರು, ಭಾಷೆ, ಮನೆದೇವರು ಮೂರನ್ನೂ ಕಿತ್ತುಕೊಂಡ ಮೇಲೆ ಹುಡುಕುವವನ ಕೈಯಲ್ಲಿ ಉಳಿದ ಗುರುತು ಮೈಬಣ್ಣ ಒಂದೇ. ಅದನ್ನೇ ಹಿಡಿದು ಅವನು ಬರುತ್ತಾನೆ. ಆದ್ದರಿಂದ ಅವನ ಹಂಬಲ ನ್ಯಾಯವಾದದ್ದು. ಆ ಹಂಬಲ ತೀರಿಸುವ ಹೊಣೆಯನ್ನು ಇಂದು ಅಲ್ಲಿ ಬದುಕುತ್ತಿರುವ ಮೀನುಗಾರನ ಮೇಲೆ, ಸಂತೆಯ ಹೆಂಗಸಿನ ಮೇಲೆ ಹೊರಿಸುವುದು ಮಾತ್ರ ಅಷ್ಟೇ ನ್ಯಾಯವೆ ಎಂಬಲ್ಲಿ ನನಗೆ ತಡೆಯಾಗುತ್ತದೆ.

ಇದರ ತೊಡಕು ಘಾನಾದ ಕರಾವಳಿಯ ಕೋಟೆಗಳಲ್ಲಿ ಕಾಣುತ್ತದೆ. ಎಲ್ಮಿನಾ ಕೋಟೆಯನ್ನು 1482ರಲ್ಲಿ ಪೋರ್ಚುಗೀಸರು ಕಟ್ಟಿದರು, 1637ರಲ್ಲಿ ಡಚ್ಚರು ಗೆದ್ದುಕೊಂಡರು. ಸ್ವಲ್ಪ ದೂರದಲ್ಲೇ ಬ್ರಿಟಿಷರ ಕೇಪ್ ಕೋಸ್ಟ್ ಕೋಟೆ. ಅಲ್ಲಿ ಗುಲಾಮರಾಗಿ ಹಿಡಿದ ಗಂಡಸರನ್ನು ಕೂಡಿಹಾಕಿದ ನೆಲಮಾಳಿಗೆಯ ಮೇಲೆಯೇ ಪ್ರಾರ್ಥನಾ ಮಂದಿರವಿತ್ತು. ಸಮುದ್ರದ ಕಡೆಯ ಬಾಗಿಲನ್ನು ‘ಮರಳಿ ಬಾರದ ಬಾಗಿಲು’ ಎನ್ನುತ್ತಾರೆ. ಕಡಲಾಚೆಯಿಂದ ಬಂದವರು ಇಲ್ಲಿ ಬಿಕ್ಕಿ ಅಳುತ್ತಾರೆ. ಅವರಿಗೆ ಇದು ಸ್ಮಶಾನ. ಸ್ಥಳೀಯರಿಗೆ ಇದೇ ಕೋಟೆಗಳು ಬೇರೆ ಕಾಲದಲ್ಲಿ ಕಚೇರಿ, ಶಾಲೆ, ಸೆರೆಮನೆಗಳೂ ಆಗಿದ್ದವು. ಎಲ್ಮಿನಾ ಎಂದರೆ ಘಾನಾದ ಅಸಾಂಟೆ ಜನರಿಗೆ ಮೊದಲು ನೆನಪಾಗುವುದು ತಮ್ಮ ದೊರೆ ಮೊದಲನೆಯ ಪ್ರೆಂಪೆಯನ್ನು ಬ್ರಿಟಿಷರು 1896ರಲ್ಲಿ ಅಲ್ಲಿ ಸೆರೆಯಿಟ್ಟದ್ದು. ಅಲ್ಲಿಂದ ಸಿಯೆರಾ ಲಿಯೋನ್‌ಗೆ, ಆಮೇಲೆ ಸೇಶೆಲ್ಸ್ ದ್ವೀಪಗಳಿಗೆ ಗಡೀಪಾರಾದ ಆತ ಮರಳಿದ್ದು 1924ರಲ್ಲಿ. 1990ರ ದಶಕದಲ್ಲಿ ಕೋಟೆಗಳನ್ನು ದುರಸ್ತಿ ಮಾಡಿ ಸುಣ್ಣ ಬಳಿದಾಗ, ಒಳಗೆ ತಿಂಡಿ ಮಾರುವ ಜಾಗ ಬಂದಾಗ ಕಪ್ಪು ಅಮೆರಿಕನ್ನರು ಪ್ರತಿಭಟಿಸಿದರು. ರಕ್ತದ ಕಲೆಗೆ ಸುಣ್ಣ ಹೊಡೆಯುತ್ತಿದ್ದೀರಿ ಎಂಬುದು ಅವರ ಸಂಕಟ. ಊರವರಿಗೆ ಬೇಕಿದ್ದದ್ದು ಪ್ರವಾಸಿಗರು ಬಂದು ನಾಲ್ಕು ಕಾಸು ಹುಟ್ಟುವ ಚೊಕ್ಕ ಕಟ್ಟಡ. ಎರಡೂ ಕಡೆಯವರ ಮಾತಿನಲ್ಲಿ ಸುಳ್ಳಿಲ್ಲ.

ಇದಕ್ಕಿಂತ ಆಳದಲ್ಲಿ ಇನ್ನೊಂದಿದೆ, ಹೊರಗಿನವರ ಕಣ್ಣಿಗೆ ಬೇಗ ಬೀಳದ್ದು. ಅಸಾಂಟೆ ಸಮಾಜದಲ್ಲಿ ಇನ್ನೊಬ್ಬನ ಹುಟ್ಟಿನ ಮೂಲವನ್ನು ಬಾಯಿಬಿಟ್ಟು ಹೇಳುವುದು ನಿಷಿದ್ಧ. ಯುದ್ಧದಲ್ಲಿ ಸೆರೆಸಿಕ್ಕು ಇಲ್ಲವೆ ಸಾಲಕ್ಕೆ ಒತ್ತೆಯಾಗಿ ಮನೆ ಸೇರಿದವರ ಮಕ್ಕಳು ಕಾಲಕ್ರಮದಲ್ಲಿ ಆ ಮನೆತನದವರೇ ಆಗಿಬಿಡುತ್ತಿದ್ದರು. ನಿಮ್ಮ ಅಜ್ಜಿ ದಾಸಿಯಾಗಿ ಬಂದವಳು ಎಂದು ಯಾರೂ ಆಡಬಾರದು. ಆ ಮೌನವೇ ಅವರಿಗೆ ಮರ್ಯಾದೆ, ಹೊರಗಿನಿಂದ ಬಂದವರನ್ನು ಒಳಗೆ ಕರಗಿಸಿಕೊಂಡ ಉಪಾಯವೂ ಅದೇ. ಇಂಥ ಊರಿಗೆ ಒಬ್ಬಾತ ಬಂದು ‘ನಾನು ಗುಲಾಮರ ಮೊಮ್ಮಗ’ ಎಂದು ಎದೆಯೆತ್ತಿ ಹೇಳುತ್ತಾನೆ. ಅವನ ಮಟ್ಟಿಗೆ ಅದು ಬದುಕುಳಿದ ಹೆಮ್ಮೆ. ಕೇಳಿದವರು ಮುಜುಗರದಿಂದ ಮಾತು ತಿರುಗಿಸಿದರೆ ಅವನಿಗೆ ಅದು ತಿರಸ್ಕಾರವಾಗಿ ಕಾಣುತ್ತದೆ. ಆದರೂ ಆ ಮೌನವನ್ನು ನಾನು ಪೂರ್ತಿ ಸಮರ್ಥಿಸಲಾರೆ. ಒಳನಾಡಿನಿಂದ ಜನರನ್ನು ಹಿಡಿದು ತಂದವರಲ್ಲಿ, ನಡುವೆ ನಿಂತು ವ್ಯಾಪಾರ ಕುದುರಿಸಿದವರಲ್ಲಿ ಆಫ್ರಿಕಾದ ಅರಸರೂ ವರ್ತಕರೂ ಇದ್ದರು. ಘಾನಾದ ಉತ್ತರ ಭಾಗದ ಸಲಗಾದಲ್ಲಿ ದೊಡ್ಡ ಗುಲಾಮರ ಸಂತೆಯೇ ನಡೆಯುತ್ತಿತ್ತು. ಮಾನ ಕಾಯಲು ಹುಟ್ಟಿದ ಮೌನ ಇಂಥವರ ಅಪರಾಧಕ್ಕೂ ಮುಸುಕಾಯಿತು.

ಬಣ್ಣ ಒಂದಾದರೆ ಬಾಗಿಲು ತೆರೆಯುತ್ತದೆ ಎಂಬ ನಂಬಿಕೆಗೆ ಆಫ್ರಿಕಾದ ಈಚಿನ ಚರಿತ್ರೆಯಲ್ಲಿ ಆಧಾರ ಸಿಗುವುದಿಲ್ಲ. 1969ರಲ್ಲಿ ಘಾನಾ ಸರ್ಕಾರ, ದಾಖಲೆಯಿಲ್ಲದ ಪರದೇಶಿಗಳು ಎರಡು ವಾರದಲ್ಲಿ ಜಾಗ ಖಾಲಿ ಮಾಡಬೇಕು ಎಂದು ಆಜ್ಞೆ ಹೊರಡಿಸಿತು. ಹೊರಬಿದ್ದವರಲ್ಲಿ ನೈಜೀರಿಯಾದವರೇ ಬಹಳ. 1983ರಲ್ಲಿ ನೈಜೀರಿಯಾ ಘಾನಾದ ಲಕ್ಷಾಂತರ ಜನರನ್ನು ಹಾಗೆಯೇ ಓಡಿಸಿತು. ಅವರು ಗಂಟುಮೂಟೆ ಕಟ್ಟಿ ಹೊತ್ತ ಚೌಕುಳಿ ಚೀಲಕ್ಕೆ ‘ಘಾನಾ ಮಸ್ಟ್ ಗೋ’ ಎಂಬ ಹೆಸರು ಇಂದಿಗೂ ಅಂಟಿಕೊಂಡಿದೆ. 2008ರ ಮೇ ತಿಂಗಳಲ್ಲಿ ದಕ್ಷಿಣ ಆಫ್ರಿಕಾದಲ್ಲಿ ಜಿಂಬಾಬ್ವೆ, ಮೊಜಾಂಬಿಕ್‌ಗಳ ವಲಸಿಗರ ಮೇಲೆ ದಾಳಿಗಳಾಗಿ 60ಕ್ಕೂ ಹೆಚ್ಚು ಜನ ಸತ್ತರು. ಹೊಡೆದವರೂ ಹೊಡೆಸಿಕೊಂಡವರೂ ಕಪ್ಪು ಜನರೇ. ಅಮೆರಿಕದ ಪಾಸ್‌ಪೋರ್ಟ್ ಹಿಡಿದ ಕಪ್ಪು ಪ್ರವಾಸಿಗೆ ಖಂಡದ ಎಷ್ಟೋ ಗಡಿಗಳಲ್ಲಿ ಸಿಗುವ ನಗುಮೊಗದ ಸ್ವಾಗತ ಪಕ್ಕದ ದೇಶದ ಬಡ ವಲಸಿಗನಿಗೆ ಸಿಗುವುದಿಲ್ಲ. ತನ್ನ ದೇಶದಲ್ಲಿ ಪೊಲೀಸರಿಗೆ ಹೆದರಿ ಬದುಕಿದ ಮನುಷ್ಯ ಇಲ್ಲಿ ಏಕಾಏಕಿ ಅನುಕೂಲಸ್ಥನಾಗುತ್ತಾನೆ, ಡಾಲರಿನ ಬಲದವನಾಗುತ್ತಾನೆ. ಚೌಕಾಸಿ ಮಾಡುವ ವ್ಯಾಪಾರಿ ನೋಡುವುದು ಈ ಬಲವನ್ನು. ಅದರಲ್ಲಿ ಅವಮಾನ ಹುಡುಕಬೇಕಾಗಿಲ್ಲ.

ಬಲದ ಮಾತು ಬಂದಾಗ ಪಶ್ಚಿಮ ಆಫ್ರಿಕಾದ ಲೈಬೀರಿಯಾವನ್ನು ಮರೆಯುವಂತಿಲ್ಲ. 1816ರಲ್ಲಿ ಹುಟ್ಟಿದ ಅಮೆರಿಕನ್ ಕಾಲೊನೈಸೇಶನ್ ಸೊಸೈಟಿ, ದಾಸ್ಯದಿಂದ ಬಿಡುಗಡೆಯಾದ ಕಪ್ಪು ಜನರನ್ನು ಹಡಗಿನಲ್ಲಿ ಕರೆತಂದು ಅಲ್ಲಿ ನೆಲೆಗೊಳಿಸಿತು. 1847ರಲ್ಲಿ ಅದು ಸ್ವತಂತ್ರ ಗಣರಾಜ್ಯವಾಯಿತು. ಮರಳಿ ಬಂದವರು ಅಲ್ಲಿಯ ಮೂಲನಿವಾಸಿಗಳನ್ನು ಅಣ್ಣತಮ್ಮಂದಿರೆಂದು ತಿಳಿಯಲಿಲ್ಲ, ಆಳಬೇಕಾದ ಪ್ರಜೆಗಳೆಂದು ತಿಳಿದರು. ಒಳನಾಡಿನವರಿಗೆ ಮತದಾನದ ಹಕ್ಕು ಸಿಕ್ಕಿದ್ದು ಎರಡನೆಯ ಮಹಾಯುದ್ಧ ಮುಗಿದ ಮೇಲೆ. 1930ರಲ್ಲಿ ಲೀಗ್ ಆಫ್ ನೇಷನ್ಸ್ ತನಿಖೆ, ಲೈಬೀರಿಯಾದ ಅಧಿಕಾರಿಗಳೇ ತಮ್ಮ ಜನರನ್ನು ಬಲವಂತದ ದುಡಿಮೆಗೆ ಫರ್ನಾಂಡೊ ಪೊ ದ್ವೀಪಕ್ಕೆ ಸಾಗಿಸಿದ್ದನ್ನು ಬಯಲಿಗೆಳೆಯಿತು. ಅಧ್ಯಕ್ಷ ಚಾರ್ಲ್ಸ್ ಕಿಂಗ್ ರಾಜೀನಾಮೆ ಕೊಡಬೇಕಾಯಿತು. ಗುಲಾಮಗಿರಿಯ ಯಾತನೆ ಉಂಡ ಮನೆತನಗಳಿಂದಲೇ ಇದು ನಡೆಯಿತು. ಆ ಆಳ್ವಿಕೆ 1980ರ ಸೇನಾ ಕ್ರಾಂತಿಯಲ್ಲಿ ರಕ್ತ ಹರಿದು ಮುಗಿಯಿತು. ನೋವು ಉಂಡವರಿಗೆ ನೋವು ಕೊಡದಿರುವ ವಿವೇಕ ತಾನಾಗಿ ಬರುವುದಿಲ್ಲ.

ಹಾಗೆಂದು ಈ ಪ್ರಯಾಣವೆಲ್ಲ ವ್ಯರ್ಥ ಎಂದು ಹೇಳಿದರೆ ಅದು ಅನ್ಯಾಯ. ಟ್ರಿನಿಡಾಡ್‌ನ ಜಾರ್ಜ್ ಪ್ಯಾಡ್ಮೋರ್ ಘಾನಾದ ನಾಯಕ ಎನ್‌ಕ್ರುಮಾನ ಸಲಹೆಗಾರನಾಗಿ ದುಡಿದ. ಕಪ್ಪು ಅಮೆರಿಕನ್ ವಿದ್ವಾಂಸ ಡಬ್ಲ್ಯು. ಇ. ಬಿ. ಡು ಬೋಯ್ಸ್ 1961ರಲ್ಲಿ, ತೊಂಬತ್ತು ದಾಟಿದ ವಯಸ್ಸಿನಲ್ಲಿ, ಆಫ್ರಿಕಾ ಕುರಿತ ವಿಶ್ವಕೋಶದ ಕೆಲಸಕ್ಕೆಂದು ಅಕ್ರಾಕ್ಕೆ ಹೋಗಿ ಎರಡು ವರ್ಷಗಳ ನಂತರ ಅಲ್ಲಿಯೇ ಮಣ್ಣಾದರು. ಕಪ್ಪು ಅಮೆರಿಕನ್ ಲೇಖಕಿ ಮಾಯಾ ಏಂಜೆಲೋ 1960ರ ದಶಕದ ಮೊದಲ ಭಾಗದಲ್ಲಿ ಅಲ್ಲಿ ನೆಲೆಸಿ ವಿಶ್ವವಿದ್ಯಾಲಯದಲ್ಲಿ ಕೆಲಸ ಮಾಡಿದರು. ಕೇಟಾ ಎಂಬ ಕಡಲೂರಿನ ಸಂತೆಯಲ್ಲಿ ಹೆಂಗಸರು ಅವರ ಮುಖದಲ್ಲಿ ಕಳೆದುಹೋದ ತಮ್ಮವರ ಚಹರೆ ಕಂಡು ಅತ್ತದ್ದನ್ನು 1986ರ ಆತ್ಮಕಥನದಲ್ಲಿ ಅವರು ಬರೆದಿದ್ದಾರೆ. ಅಪ್ಪುಗೆ ಎಂಬುದು ಇಲ್ಲವೇ ಇಲ್ಲ ಎನ್ನುವವರು ಆ ಪುಟಗಳನ್ನು ಓದಬೇಕು. ಅದು ದಕ್ಕಿದ್ದು ಬಂದಿಳಿದ ವಾರದಲ್ಲಿ ಅಲ್ಲ, ಆ ನೆಲದಲ್ಲಿ ವರ್ಷಗಟ್ಟಲೆ ಬದುಕಿದ ಮೇಲೆ.

ಈ ತೊಡಕು ಅಲ್ಲಿಯದಷ್ಟೇ ಅಲ್ಲ. ನಮ್ಮ ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳದ ಸಿದ್ದಿಗಳ ಮೂಲವೂ ಆಫ್ರಿಕಾವೇ. ಶತಮಾನಗಳಿಂದ ಇಲ್ಲಿಯ ಕಾಡು, ಗದ್ದೆ, ಭಾಷೆಗಳೊಡನೆ ಬೆರೆತು ಬಾಳಿದವರು. 2003ರಲ್ಲಿ ಪರಿಶಿಷ್ಟ ಪಂಗಡದ ಮಾನ್ಯತೆ ಸಿಕ್ಕಿತು. ಆದರೂ ಪಟ್ಟಣಕ್ಕೆ ಬಂದರೆ ‘ನೀವು ಯಾವ ದೇಶದವರು’ ಎಂಬ ಪ್ರಶ್ನೆ ಅವರಿಗೆ ತಪ್ಪಿಲ್ಲ. ಮುಖ ನೋಡಿ ಊರು ಹೇಳುವ ಅಭ್ಯಾಸ ಅಕ್ರಾದಲ್ಲಿ ಇರುವಷ್ಟೇ ನಮ್ಮಲ್ಲೂ ಇದೆ.

ಆಫ್ರಿಕಾಕ್ಕೆ ಮರಳಿ ಬಂದವರನ್ನು ನೆಂಟರೆಂದು ಮನಸಾರೆ ಒಪ್ಪಿ ಎಂದು ಯಾವ ಸರ್ಕಾರವೂ ಜನರಿಗೆ ಅಪ್ಪಣೆ ಕೊಡಲಾಗದು. ಅದು ಕೊಡಬಹುದಾದದ್ದು ಸತ್ಯ ಮತ್ತು ಹಕ್ಕು. ಗುಲಾಮರ ವ್ಯಾಪಾರದಲ್ಲಿ ಆಫ್ರಿಕಾದವರ ಪಾಲಿಗಾಗಿ 1999ರಲ್ಲಿ ಬೆನಿನ್ ದೇಶದ ಅಧ್ಯಕ್ಷ ಮಾತ್ಯೂ ಕೆರೆಕು ಕ್ಷಮೆ ಕೇಳಿದರು. ಕಡಲಾಚೆಯ ಕಪ್ಪು ಜನರು ಬಂದು ನೆಲೆಸುವ ಹಕ್ಕನ್ನು ಘಾನಾ 2000ದ ಕಾನೂನಿನಲ್ಲಿ ಬರೆಯಿತು. 2019ರಲ್ಲಿ ‘ಮರಳುವ ವರ್ಷ’ ಆಚರಿಸಿ 126 ಜನರಿಗೆ ಪೌರತ್ವ ಕೊಟ್ಟಿತು. 2024ರಲ್ಲಿ ಬೆನಿನ್ ಗುಲಾಮರ ವಂಶಜರಿಗೆ ಪೌರತ್ವದ ಕಾನೂನು ತಂದಿತು. ಬರುವವರಿಗಾಗಿ ನಡೆಸುವ ಡಿಸೆಂಬರ್ ತಿಂಗಳ ಜಾತ್ರೆ, ಸಂಗೀತ, ಹೋಟೆಲ್ ವ್ಯಾಪಾರಕ್ಕಿಂತ ಈ ಕಾನೂನುಗಳಿಗೆ ಹೆಚ್ಚು ಬೆಲೆ ಎಂದು ನನ್ನ ನಂಬಿಕೆ. ತೀರದ ಉಳಿದ ದೇಶಗಳೂ ಇಂಥ ಕಾನೂನು ಮಾಡಲಿ, ಅದೇ ಉದಾರತೆಯನ್ನು ನೆರೆಯ ದೇಶದಿಂದ ಚೀಲ ಹೊತ್ತು ಬರುವ ಕೂಲಿಯವನಿಗೂ ತೋರಿಸಲಿ. ಹೋಗುವವರು ಕೋಟೆಯ ಬಾಗಿಲಲ್ಲೇ ಪ್ರಯಾಣ ಮುಗಿಸದೆ ಸಲಗಾದಂಥ ಒಳನಾಡಿನ ಊರುಗಳಿಗೂ ಹೋಗಲಿ. ಅವರ ಹಿರಿಯರಲ್ಲಿ ಎಷ್ಟೋ ಜನ ಹುಟ್ಟಿದ್ದು ಕಡಲತೀರದಲ್ಲಿ ಅಲ್ಲ, ಆ ಒಳನಾಡಿನಲ್ಲಿ.