ಬೀಜ ಬಂತು, ನಮ್ಮ ಮಕ್ಕಳು ಹೋಗಲಿಲ್ಲ

ಭಾಲ್ಕಿ, ಔರಾದ ಕಡೆ ಸೋಯಾ ಕೊಯ್ಲಿಗೆ ಬನ್ನಿ. ಒಣಗಿದ ಕಾಯಿ ಸೂಜಿ ಹಂಗ ಚುಚ್ಚತಾವ. ಕುಡಗೋಲು ಹಿಡಿದ ನನ್ನವ್ವನ ಬೆರಳು ದೀಪಾವಳಿ ತನಕ ಮಾಯುವುದಿಲ್ಲ. ಈ ಸೋಯಾ ನಮ್ಮ ಅಜ್ಜ ಮುತ್ತಜ್ಜರು ಬಿತ್ತಿದ್ದಲ್ಲ. 1960ರ ದಶಕದಲ್ಲಿ ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯವು ಪಂತನಗರ, ಜಬಲ್ಪುರದ ಕೃಷಿ ವಿಶ್ವವಿದ್ಯಾಲಯಗಳ ಜೊತೆ ಕೈಜೋಡಿಸಿತು. ಸೋಯಾ ಈ ದೇಶದಲ್ಲಿ ದೊಡ್ಡ ಬೆಳೆಯಾಗಲು ದಾರಿ ತೆರೆಯಿತು. ಬೀಜ ಸಮುದ್ರ ದಾಟಿ ಅವ್ವನ ಬೆರಳಿನ ತನಕ ಬಂತು. ಅವ್ವನ ಮಗಳಿಗೆ ಮಾತ್ರ ಬೀದರ ಬಸ್ ಸ್ಟ್ಯಾಂಡ್ ದಾಟುವುದೇ ದೊಡ್ಡ ಪ್ರಯಾಣ.

ಇದನ್ನೇ ಇವರು ‘ಅಂತರರಾಷ್ಟ್ರೀಯ ಸಹಯೋಗ’ ಅಂತಾರ. ಒಡಂಬಡಿಕೆಗೆ ಸಹಿ, ಹೆಗಲಿಗೆ ಶಾಲು, ಪೇಪರಿಗೆ ಫೋಟೋ. ಹೋದವರು ಯಾರು? ಯಾರ ಹೊಲದಿಂದ, ಯಾವ ಕೇರಿಯಿಂದ? ಕೇಳಬೇಡಿ, ಅದು ಜಾತಿವಾದವಾಗುತ್ತದೆ!

ಚರಿತ್ರೆ ನೋಡೋಣ. 1964ರಲ್ಲಿ ಹೆಬ್ಬಾಳದಲ್ಲಿ ಶುರುವಾದ ಕೃಷಿ ವಿಶ್ವವಿದ್ಯಾಲಯಕ್ಕೆ ಅಮೆರಿಕದ ಟೆನ್ನೆಸೀ ವಿಶ್ವವಿದ್ಯಾಲಯ ಆಸರೆಯಾಗಿ ನಿಂತಿತು. ಆ ಟೆನ್ನೆಸೀ ತನ್ನ ಪದವಿ ತರಗತಿಗಳಿಗೆ ಕರಿಯರ ಮಕ್ಕಳನ್ನು ಸೇರಿಸಿಕೊಂಡದ್ದು 1961ರಲ್ಲಿ. 1862ರ ಮೊರಿಲ್ ಕಾಯ್ದೆ ಇಂಥ ಕಾಲೇಜುಗಳಿಗೆ ಹಂಚಿದ ಭೂಮಿಯೋ, ಮೂಲನಿವಾಸಿಗಳಿಂದ ಕಿತ್ತುಕೊಂಡದ್ದು. ಅಲ್ಲಿ ಭೂಮಿ ಕಳಕೊಂಡವರು ಹೊರಗೆ, ಇಲ್ಲಿ ಭೂಮಿಯೇ ಇಲ್ಲದವರು ಹೊರಗೆ. ಅಚ್ಚು ಒಂದೇ.

ಹಾಗಂತ ವಿದೇಶದ ಓದು ಬೇಡ ಅನ್ನುವ ಮೂರ್ಖತನ ನಮ್ಮದಲ್ಲ. ಬಾಬಾಸಾಹೇಬರು 1913ರಲ್ಲಿ ಬರೋಡಾ ಸಂಸ್ಥಾನದ ವಿದ್ಯಾರ್ಥಿವೇತನದಲ್ಲಿ ಕೊಲಂಬಿಯಾಕ್ಕೆ ಹೋದರು. ಬಂದು 1918ರಲ್ಲಿ ಬರೆದದ್ದು ಭಾರತದ ಸಣ್ಣ ಹಿಡುವಳಿಗಳ ಬಗ್ಗೆ. ಹೊಲ ಸಣ್ಣದೆಂಬುದೇ ರೋಗವಲ್ಲ, ಬಂಡವಾಳವಿಲ್ಲ, ಸಲಕರಣೆಯಿಲ್ಲ, ಕೆಲಸವಿಲ್ಲದ ಜನ ಭೂಮಿಯ ಮೇಲೆಯೇ ಬಿದ್ದಿದ್ದಾರೆ, ಕೈಗಾರಿಕೆ ಬೇಕು ಎಂದರು. ನ್ಯೂಯಾರ್ಕಿಗೆ ಹೋದವರು ನಮ್ಮ ಹೊಲದ ಪ್ರಶ್ನೆಯನ್ನು ಮರೆಯಲಿಲ್ಲ. ನಮಗೆ ಬೇಕಾದದ್ದು ಅಂಥ ಪ್ರಯಾಣ.

ಈಗ ಲೆಕ್ಕ ಕೇಳಿ. ಕೇಂದ್ರದ ರಾಷ್ಟ್ರೀಯ ಸಾಗರೋತ್ತರ ವಿದ್ಯಾರ್ಥಿವೇತನದಲ್ಲಿ ವರ್ಷಕ್ಕೆ 125 ಸ್ಥಾನ. ಪರಿಶಿಷ್ಟ ಜಾತಿಗೆ 115, ಅಲೆಮಾರಿಗಳಿಗೆ 6. ಭೂಹೀನ ಕೃಷಿ ಕೂಲಿಕಾರರು ಮತ್ತು ಕುಶಲಕರ್ಮಿಗಳು, ಇಬ್ಬರಿಗೂ ಸೇರಿ 4. ಸ್ವಾಮಿ, ನಾಲ್ಕು! ಇಡೀ ಭಾರತಕ್ಕೆ! 2025ರಲ್ಲಿ 106 ಮಂದಿಯನ್ನು ಆರಿಸಿ, ಮೊದಲು 40 ಮಂದಿಗಷ್ಟೇ ಪತ್ರ ಕೊಟ್ಟರು. ಉಳಿದವರಿಗೆ ‘ಹಣವಿದ್ದರೆ’ ಎಂದರು. ಗೆದ್ದವರನ್ನೂ ಬಾಗಿಲಲ್ಲಿ ನಿಲ್ಲಿಸುವುದು ನಮಗೇನು ಹೊಸದೇ?

ಸಾಲ ಮಾಡಿ ಹೋಗಿ ಅಂತೀರಿ. ಕೃಷಿ ಪದವಿ ಓದಿದ ನನ್ನ ತಂಗಿ ಒಂದು ಬ್ಯಾಂಕಿಗೆ ಹೋದಳು.

‘ಹೊಲ ಎಷ್ಟ ಅದವಾ?’

‘ಹೊಲ ಇಲ್ರಿ ಸರ್. ಹೊಲದಾಗ ದುಡಿತೀವಿ.’

ಫೈಲು ಮುಚ್ಚಿತು. ಹೊಲ ಇದ್ದವರಿಗೆ ಕೃಷಿವಿದ್ಯೆ, ಹೊಲದಾಗ ದುಡಿದವರಿಗೆ ಕುಡಗೋಲು!

ಬೀದರದಲ್ಲಿ ಪಶು ವಿಶ್ವವಿದ್ಯಾಲಯವಿದೆ, ಈ ಸೀಮೆಯದೇ ದೇವಣಿ ತಳಿಯಿದೆ. ದೇವಣಿ ಎತ್ತಿನ ಸೆಗಣಿ ಬಳಿದವರ ಮಕ್ಕಳಿಗೆ ಆ ಎತ್ತಿನ ಕಣ್ಣು, ಗೊರಸು, ಹಸಿವು ಗೊತ್ತು. ಅದೂ ವಿದ್ಯೆಯೇ. ಅದನ್ನು ಹೊತ್ತು ಅವರು ಹೊರದೇಶದ ಪ್ರಯೋಗಾಲಯಕ್ಕೆ ಹೋಗಲಿ, ಅಲ್ಲಿಯದನ್ನು ಹೊತ್ತು ತರಲಿ.

ಆದ್ದರಿಂದ ಕೇಳುತ್ತೇವೆ. ಪ್ರತಿ ಒಡಂಬಡಿಕೆಯಲ್ಲೂ ಭೂಹೀನರ ಮಕ್ಕಳಿಗೆ ಪಾಲು ಬೇಕು. ಅರ್ಜಿ, ಇಂಗ್ಲಿಷ್ ಪರೀಕ್ಷೆ, ವೀಸಾ, ಟಿಕೇಟಿನ ಹಣ ಮೊದಲೇ ಕೈಗೆ ಬರಬೇಕು. ಹೋದವರ ಪಟ್ಟಿ ತಾಲೂಕುವಾರು, ಜಾತಿವಾರು ಗೋಡೆಗೆ ಅಂಟಿಸಬೇಕು. ಹಳ್ಳಿಯ ಮೇಷ್ಟ್ರೇ, ನೀವು ಈ ಅರ್ಜಿಗಳ ಸುದ್ದಿಯನ್ನು ಕೊನೇ ಬೆಂಚಿಗೂ ಮುಟ್ಟಿಸಿ.

ಇದು ಭಿಕ್ಷೆಯಲ್ಲ. ಅವ್ವನ ಬೆರಳಿನ ರಕ್ತದ ಬಾಕಿ. ವಸೂಲಿಗೆ ಬಂದಿದ್ದೇವೆ.