ಹೆಸರಿಗೆ ಆರ್ಕೇಡು, ನಿಲ್ಲೋಕೆ ನೆರಳಿಲ್ಲ!

ಜಿಲ್ಲೆಯ ಯಾವ ಊರಿಗೆ ಹೋದರೂ ಬಸ್ ಸ್ಟ್ಯಾಂಡಿನ ಆಸುಪಾಸಿನಲ್ಲಿ ಒಂದು ‘ಆರ್ಕೇಡ್’ ಕಣ್ಣಿಗೆ ಬೀಳುತ್ತದೆ. ಮೂರು ಮಹಡಿ, ಗಾಜಿನ ಮುಖ, ಬೋರ್ಡಿನ ಮೇಲೆ ಮಾಲೀಕರ ಮನೆದೇವರ ಹೆಸರು, ಅದರ ಬಾಲಕ್ಕೆ ಆರ್ಕೇಡು. ಹಾಗಂದರೇನು ಸ್ವಾಮೀ ಎಂದರೆ ಕಟ್ಟಿಸಿದವರೇ ತಲೆ ಕೆರೆದುಕೊಳ್ಳುತ್ತಾರೆ. ‘ಕಾಂಪ್ಲೆಕ್ಸ್ ಅನ್ನೋದು ಹಳೇದಾಯ್ತಲ್ಲ, ಅದಕ್ಕೆ’ ಎಂಬುದೇ ಉತ್ತರ!

ಈ ಮಾತಿನ ಮೂಲ ಲ್ಯಾಟಿನ್ ಭಾಷೆಯ ‘ಆರ್ಕಸ್’. ಅಂದರೆ ಬಿಲ್ಲು. ಬಿಲ್ಲಿನಂತೆ ಬಾಗಿದ ಕಟ್ಟಡದ ಭಾಗಕ್ಕೂ ಅದೇ ಹೆಸರಾಯಿತು. ಅಂಥವು ಕಂಬದಿಂದ ಕಂಬಕ್ಕೆ ಸಾಲಾಗಿ ನಿಂತರೆ ಆರ್ಕೇಡ್. ತಮಾಷೆ ನೋಡಿ, ನಾವು ದಿನಾ ಆಡುವ ‘ಕಮಾನು’ ಕೂಡ ಫಾರಸಿಯಲ್ಲಿ ಬಿಲ್ಲೇ! ವಿಜಯಪುರದ ಬಾರಾ ಕಮಾನ್ ನೋಡಿದವರಿಗೆ ಹೆಚ್ಚು ಹೇಳಬೇಕಿಲ್ಲ. ಕಮಾನು ಸಾಲಿನ ಕೆಳಗೆ ನೆರಳು, ನೆರಳಲ್ಲಿ ಜನ, ಜನರಿದ್ದ ಕಡೆ ಅಂಗಡಿ. ಹೀಗೆ ಸೂರು ಹೊದಿಸಿದ ಅಂಗಡಿ ಬೀದಿಯೇ ಆರ್ಕೇಡ್ ಎನಿಸಿತು. ಲಂಡನ್ನಿನ ಬರ್ಲಿಂಗ್ಟನ್ ಆರ್ಕೇಡ್ 1819ರದ್ದು. ಅಲ್ಲಿ ಶಿಳ್ಳೆ ಹಾಕಬಾರದೆಂಬ ಕಟ್ಟಳೆ ಬೇರೆ! ಕಾಸು ಹಾಕಿ ಆಡುವ ಯಂತ್ರಗಳ ಮಳಿಗೆಗೂ, ಆಮೇಲೆ ವಿಡಿಯೋ ಗೇಮಿನ ಮಳಿಗೆಗೂ ಈ ಹೆಸರು ಅಂಟಿತು. ಹುಡುಗರಿಗೆ ಗೊತ್ತಿರುವುದು ಅದೊಂದೇ.

ನಮ್ಮವರು ಕಲಿಯಬೇಕಾದ್ದು ಮುಂಬಯಿಯಿಂದ. ಅಲ್ಲಿನ ಹಾರ್ನ್‌ಬಿ ರಸ್ತೆಗೆ (ಈಗ ದಾದಾಭಾಯಿ ನವರೋಜಿ ರಸ್ತೆ) 1896ರಲ್ಲಿ ಸರ್ಕಾರ ಒಂದು ನಿಯಮ ಮಾಡಿತು. ಕಟ್ಟಡ ಯಾರದೇ ಇರಲಿ, ಕೆಳಗಡೆ ಪಾದಚಾರಿಗಳಿಗೆ ಸೂರಿನ ದಾರಿ ಬಿಡಲೇಬೇಕು. ಇವತ್ತಿಗೂ ಅಲ್ಲಿ ಜಡಿಮಳೆಯಲ್ಲಿ ಜನ ಆ ಕಮಾನುಗಳ ಕೆಳಗೇ ನಡೆಯುತ್ತಾರೆ. ಬೀದಿ ವ್ಯಾಪಾರಿಗಳು ಅರ್ಧ ದಾರಿ ತುಂಬಿಕೊಂಡಿದ್ದಾರೆ, ಅದು ಬೇರೆ ಮಾತು.

ಇಲ್ಲೋ? ನಾಲ್ಕು ಹನಿ ಬಿದ್ದರೆ ಬಸ್ಸಿಗೆ ಕಾದವರೆಲ್ಲ ಆರ್ಕೇಡಿನ ಮೆಟ್ಟಿಲಿಗೆ ಓಡಬೇಕು. ಕಂಕುಳಲ್ಲಿ ಮಗು, ಕೈಯಲ್ಲಿ ಚೀಲ. ‘ಸ್ವಲ್ಪ ಆ ಕಡೆ ನಿಂತ್ಕೊಳ್ಳಮ್ಮ, ಗಿರಾಕಿ ಬರೋ ದಾರಿ’ ಎಂಬ ಮಾತು ಕೇಳಬೇಕು. ಅಂಗಡಿಯವರನ್ನು ಬೈದು ಫಲವಿಲ್ಲ. ಅಡ್ವಾನ್ಸು, ಬಾಡಿಗೆ ಎಂದು ಅಡಿಯಡಿಗೂ ದುಡ್ಡು ಸುರಿದವರು ಅವರು. ಬಾಗಿಲಿಗೆ ಜನ ಅಡ್ಡ ನಿಂತರೆ ವ್ಯಾಪಾರ ಕೆಡುತ್ತದೆ, ನಿಜವೇ. ಹಳೇ ಪೇಟೆಯ ಅಂಗಡಿಗೆ ಜಗಲಿ ಇತ್ತು. ಬಸ್ ತಪ್ಪಿದವನು ಕೂರುತ್ತಿದ್ದ, ಸುಮ್ಮನೆ ಹೇಗೆ ಕೂರೋದು ಅಂತ ಒಂದು ಬೆಂಕಿಪೊಟ್ಟಣವನ್ನಾದರೂ ಕೊಳ್ಳುತ್ತಿದ್ದ.

ನಗರಸಭೆ, ಪುರಸಭೆಯವರು ಮನಸ್ಸು ಮಾಡಿದರೆ ಇದೇನು ಬ್ರಹ್ಮವಿದ್ಯೆಯಲ್ಲ. ಬಸ್ ನಿಲ್ಲುವ ರಸ್ತೆಯಲ್ಲಿ ಕಟ್ಟುವವರಿಗೆ ಲೈಸೆನ್ಸ್ ಕೊಡುವಾಗ, ಮುಂಭಾಗದಲ್ಲಿ ಎಂಟು ಅಡಿ ಸೂರಿನ ದಾರಿ ಬಿಡಬೇಕೆಂಬ ಷರತ್ತು ಹಾಕಲಿ. ಅದರ ನೆತ್ತಿಯ ಮೇಲೆ ಮಹಡಿ ಚಾಚಲು ಬಿಟ್ಟರೆ ಮಾಲೀಕರಿಗೂ ನಷ್ಟವಿಲ್ಲ. ಕಮಾನೇ ಆಗಬೇಕೆಂದಿಲ್ಲ, ಚೌಕದ ಕಂಬ ಸಾಕು. ಆದರೆ ಆ ದಾರಿಯಲ್ಲಿ ಸ್ಕೂಟರು ನಿಲ್ಲಿಸುವುದು, ಪ್ಲಾಸ್ಟಿಕ್ ಬಕೆಟ್ಟು ಪೇರಿಸುವುದು ಕೂಡದು. ಮುಂದಿನ ಮಳೆಗಾಲಕ್ಕೆ ಮುಂಚೆ ಬರುವ ಪ್ಲಾನುಗಳಿಂದಲೇ ಶುರು ಮಾಡಬಹುದು.