ಹನ್ನೊಂದು ಗಣಕಯಂತ್ರ, ಒಂದು ಮೊಬೈಲು: ದೇಸೂರದ ಕಡೆ ಕಂಡ ಅಪ್‌ಡೇಟ್ ಸಮಸ್ಯೆ

ಬೆಳಗಾವಿಯಿಂದ ಖಾನಾಪುರಕ್ಕೆ ಹೋಗುವ ರೈಲು ಮಾರ್ಗದಲ್ಲಿ ದೇಸೂರ ಒಂದು ಚಿಕ್ಕ ನಿಲ್ದಾಣ. ಕರಾವಳಿಯ ನಮ್ಮ ಓದುಗರಲ್ಲಿ ಲೋಂಡಾ ಮಾರ್ಗವಾಗಿ ಬೆಳಗಾವಿಗೆ ಹೋಗುವವರು ಅದನ್ನು ಕಿಟಕಿಯಿಂದ ನೋಡಿರಬಹುದು, ಇಳಿದವರು ಕಡಿಮೆ. 2025ರ ಜೂನ್ ತಿಂಗಳಲ್ಲಿ, ಶಾಲೆಗಳು ಆಗಷ್ಟೇ ಆರಂಭವಾಗಿದ್ದ ವಾರದಲ್ಲಿ, ನಾವು ಒಂದು ಕೆಲಸದ ನಿಮಿತ್ತ ಆ ಕಡೆ ಹೋಗಿದ್ದೆವು. ಅಲ್ಲಿಯ ಒಂದು ಶಾಲೆಯ ಶಿಕ್ಷಕಿ ತಮ್ಮ ಕಂಪ್ಯೂಟರ್ ಕೋಣೆಯನ್ನು ನೋಡಲು ಕರೆದರು. ದಾನಿಗಳು ಕೊಟ್ಟ ಹನ್ನೊಂದು ಯಂತ್ರಗಳು ಗೋಡೆಯುದ್ದಕ್ಕೂ ಸಾಲಾಗಿದ್ದವು. ಎಲ್ಲವೂ ಉರಿಯುತ್ತಿದ್ದವು, ಆದರೆ ಒಂದೂ ಕೆಲಸ ಮಾಡುತ್ತಿರಲಿಲ್ಲ. ಎಲ್ಲದರ ಪರದೆಯ ಮೇಲೂ ಒಂದೇ ಚಕ್ರ ತಿರುಗುತ್ತಿತ್ತು.

"ಫಾದರ್, ಇವತ್ತ ಕ್ಲಾಸ್ ಆಗೂದಿಲ್ಲರೀ. ಎಲ್ಲಾ ಅಪ್‌ಡೇಟ್ ಆಗಾಕ ಹತ್ಯಾವ. ನಿನ್ನಿನೂ ಹಿಂಗ ಆತು" ಎಂದರು ಶಿಕ್ಷಕಿ. ಅಂತರ್ಜಾಲ ಎಲ್ಲಿಂದ ಎಂದು ಕೇಳಿದರೆ ತಮ್ಮ ಮೊಬೈಲನ್ನೇ ತೋರಿಸಿದರು. ಶಾಲೆಗೆ ಬೇರೆ ಸಂಪರ್ಕವಿಲ್ಲ. ಮಕ್ಕಳು ಮರಾಠಿ ಕನ್ನಡ ಬೆರೆಸಿ ಕೂಗುತ್ತಾ ಅಂಗಳಕ್ಕೆ ಓಡಿದರು. ಅವರಿಗೇನೂ ಬೇಸರವಿದ್ದಂತೆ ಕಾಣಲಿಲ್ಲ.

ಏಪ್ರಿಲ್‌ನಿಂದ ಮುಚ್ಚಿದ್ದ ಕೋಣೆ. ಬೇಸಿಗೆ ರಜೆಯಲ್ಲಿ ಬಂದ ಅಪ್‌ಡೇಟ್‌ಗಳೆಲ್ಲ ಕಾದು ಕುಳಿತಿದ್ದವು. ಸ್ವಿಚ್ ಹಾಕಿದೊಡನೆ ಹನ್ನೊಂದು ಯಂತ್ರಗಳೂ ಒಂದೇ ಮೊಬೈಲಿನ ಮೇಲೆ ಮುಗಿಬಿದ್ದಿವೆ. ಒಂದು ಅಪ್‌ಡೇಟ್ 700 ಎಂಬಿ ಇದೆ ಎಂದಿಟ್ಟುಕೊಳ್ಳೋಣ. ಹನ್ನೊಂದಕ್ಕೆ ಒಟ್ಟು 7.7 ಜಿಬಿ. ದಿನಕ್ಕೆ ಒಂದೂವರೆ ಜಿಬಿಯ ಮೊಬೈಲ್ ಪ್ಯಾಕಿನಲ್ಲಿ ಇದಕ್ಕೆ ಐದು ದಿನ ದಾಟುತ್ತದೆ. ಇಳಿಸುತ್ತಿರುವುದಾದರೂ ಏನು? ಅದೇ ಒಂದು ಕಡತ, ಹನ್ನೊಂದು ಸಲ.

ಇದು ದೇಸೂರದ ಕಡೆಯ ಒಂದು ಶಾಲೆಯ ಕತೆ ಮಾತ್ರವೇ? ನಮ್ಮ ಕರಾವಳಿಯ ಶಾಲೆಗಳಲ್ಲಿ, ಪಂಚಾಯತ್ ಕಛೇರಿಗಳಲ್ಲಿ, ಸಹಕಾರಿ ಸಂಘಗಳಲ್ಲಿ ಎಷ್ಟು ಯಂತ್ರಗಳು ಹೀಗೆಯೇ ಇವೆ ಎಂದು ಓದುಗರು ತಮ್ಮ ಊರನ್ನೇ ನೋಡಿಕೊಳ್ಳಬಹುದು. ಕಂಪ್ಯೂಟರ್ ಕೊಡುವವರಿದ್ದಾರೆ, ಉದ್ಘಾಟನೆಗೆ ಟೇಪು ಕತ್ತರಿಸುವವರಿದ್ದಾರೆ, ಛಾಯಾಚಿತ್ರವೂ ಬರುತ್ತದೆ (ಇಂಥ ಚಿತ್ರಗಳನ್ನು ನಾವೂ ಸಾಕಷ್ಟು ಪ್ರಕಟಿಸಿದ್ದೇವೆ). ಮರುದಿನದಿಂದ ಅವನ್ನು ನೋಡಿಕೊಳ್ಳುವವರು ಯಾರು ಎಂಬ ಪ್ರಶ್ನೆಗೆ ಉತ್ತರವಿರುವುದಿಲ್ಲ. ಅಪ್‌ಡೇಟ್ ಎಂಬುದನ್ನು ನಾವೆಲ್ಲ ಆಯಾ ಯಂತ್ರದ ಮುಂದೆ ಕುಳಿತವರ ತಲೆನೋವು ಎಂದುಕೊಂಡಿದ್ದೇವೆ. ಹತ್ತು ಯಂತ್ರಗಳಿರುವ ಕಡೆ ಅದು ಸಂಸ್ಥೆಯ ಕೆಲಸ, ಮತ್ತು ಆ ಕೆಲಸಕ್ಕೆ ಒಬ್ಬ ವ್ಯಕ್ತಿಯ ಹೆಸರಿರಬೇಕು.

ಅಪ್‌ಡೇಟ್ ಎಂದರೇನೆಂದು ಸ್ವಲ್ಪ ವಿವರಿಸುವುದು ಒಳ್ಳೆಯದು. ಗಣಕಯಂತ್ರವನ್ನು ನಡೆಸುವ ಮೂಲ ತಂತ್ರಾಂಶಕ್ಕೆ, ಅಂದರೆ ವಿಂಡೋಸ್, ಲಿನಕ್ಸ್ ಮುಂತಾದವುಗಳಿಗೆ, ಆಗಾಗ ತೇಪೆ ಹಾಕಬೇಕಾಗುತ್ತದೆ. ಎಲ್ಲೋ ಒಂದು ತೂತು ಕಾಣುತ್ತದೆ, ಕಳ್ಳರು ಅದರಲ್ಲಿ ನುಗ್ಗುವ ಮೊದಲು ಮುಚ್ಚಬೇಕು. ಮೈಕ್ರೋಸಾಫ್ಟ್ 2003ರ ಅಕ್ಟೋಬರ್‌ನಿಂದ ಪ್ರತಿ ತಿಂಗಳ ಎರಡನೇ ಮಂಗಳವಾರ ಈ ತೇಪೆಗಳನ್ನು ಒಟ್ಟಾಗಿ ಹೊರಡಿಸುತ್ತಿದೆ. ನಮ್ಮಲ್ಲಿಗೆ ಅದು ತಲುಪುವಾಗ ಮಂಗಳವಾರ ರಾತ್ರಿ. ಬುಧವಾರ ಬೆಳಿಗ್ಗೆ ಕಛೇರಿ ತೆರೆದಾಗ ಯಂತ್ರ ನಿಧಾನವಾಗುವುದರ ಗುಟ್ಟು ಇದೇ. ಹಿಂದೆ ಒಂದೊಂದು ತೇಪೆಯೂ ಬೇರೆ ಬೇರೆಯಾಗಿರುತ್ತಿತ್ತು, ನಡುವಿನದೊಂದು ತಪ್ಪಿದರೆ ಕೆಲವೊಮ್ಮೆ ಮುಂದಿನದು ಕೂರುತ್ತಿರಲಿಲ್ಲ. ವಿಂಡೋಸ್ 10ರಲ್ಲಿ 2015ರಿಂದ, ಹಳೆಯ ವಿಂಡೋಸ್ 7 ಮತ್ತು 8.1ರಲ್ಲಿ 2016ರ ಅಕ್ಟೋಬರ್‌ನಿಂದ ಈ ಪದ್ಧತಿ ಬದಲಾಯಿತು. ಈಗಿನ ತಿಂಗಳ ಕಂತಿನಲ್ಲಿ ಹಿಂದಿನ ತಿಂಗಳುಗಳದ್ದೂ ಸೇರಿರುತ್ತದೆ. ಎರಡು ತಿಂಗಳು ಬೀಗ ಹಾಕಿದ್ದ ಕೋಣೆಗೆ ಇದು ಸಮಾಧಾನದ ಸಂಗತಿ. ಸಾಮಾನ್ಯವಾಗಿ ಇತ್ತೀಚಿನ ಒಂದು ಕಂತು ಸಾಕು.

ಆ ಒಂದನ್ನು ಹನ್ನೊಂದು ಸಲ ಇಳಿಸದೆ ಇರುವುದು ಹೇಗೆ? ದೊಡ್ಡ ಕಂಪನಿಗಳು ಇದಕ್ಕೆ ಪ್ರತ್ಯೇಕ ಸರ್ವರ್ ಇಡುತ್ತವೆ. ಮೈಕ್ರೋಸಾಫ್ಟ್‌ನ ಡಬ್ಲ್ಯುಎಸ್‌ಯುಎಸ್ ಎಂಬ ವ್ಯವಸ್ಥೆ 2005ರಿಂದ ಇದೆ. ಸರ್ವರ್ ಒಂದೇ ಸಲ ಇಳಿಸಿಕೊಂಡು ತನ್ನ ಕೈಕೆಳಗಿನ ನೂರು ಯಂತ್ರಗಳಿಗೆ ಹಂಚುತ್ತದೆ, ಯಾವುದು ಹಾಕಿಕೊಂಡಿತು, ಯಾವುದು ಬಿಟ್ಟಿತು ಎಂಬ ಲೆಕ್ಕವನ್ನೂ ಇಡುತ್ತದೆ. ಇದಕ್ಕೆ ಇನ್ನು ಹೊಸ ಸೌಲಭ್ಯ ಸೇರಿಸುವುದಿಲ್ಲವೆಂದು ಕಂಪನಿ 2024ರ ಸೆಪ್ಟೆಂಬರ್‌ನಲ್ಲಿ ಪ್ರಕಟಿಸಿತು. ಅದೇನಿದ್ದರೂ ಹನ್ನೊಂದು ಯಂತ್ರಗಳ ಶಾಲೆಗೆ ಸರ್ವರ್ ಇಡುವುದು ಗುಬ್ಬಿಯ ಮೇಲೆ ಬ್ರಹ್ಮಾಸ್ತ್ರ ಬಿಟ್ಟಂತೆ. ಅವರಿಗೆ ಬೇಕಾದದ್ದು ವಿಂಡೋಸ್ 10 ಮತ್ತು 11ರ ಒಳಗೇ ಇದೆ. ಅಪ್‌ಡೇಟ್ ಸೆಟ್ಟಿಂಗ್ಸ್‌ನಲ್ಲಿ ಡೆಲಿವರಿ ಆಪ್ಟಿಮೈಸೇಶನ್ ಎಂಬ ವಿಭಾಗ ತೆರೆದು, ನಮ್ಮದೇ ಜಾಲದ ಇತರ ಯಂತ್ರಗಳಿಂದ ಪಡೆಯಲು ಒಪ್ಪಿಗೆ ಕೊಟ್ಟರೆ, ಒಂದು ಯಂತ್ರ ತಂದದ್ದನ್ನು ಪಕ್ಕದ ಯಂತ್ರ ಅದರಿಂದಲೇ ಪಡೆಯಬಹುದು. ಆದರೆ ಎಲ್ಲವನ್ನೂ ಒಮ್ಮೆಲೇ ಚಾಲೂ ಮಾಡಿದರೆ ಇದರಿಂದ ಹೆಚ್ಚು ಪ್ರಯೋಜನವಿಲ್ಲ. ಮೊದಲು ಒಂದನ್ನು ಪೂರ್ತಿ ಮುಗಿಸಿ, ಆಮೇಲೆ ಉಳಿದವನ್ನು ಎರಡು ಮೂರರಂತೆ ಎಬ್ಬಿಸಬೇಕು. ಅದೂ ಬೇಡವೆಂದರೆ, ಒಳ್ಳೆಯ ಸಂಪರ್ಕವಿರುವ ಕಡೆ ಮೈಕ್ರೋಸಾಫ್ಟ್‌ನ ಅಪ್‌ಡೇಟ್ ಕೆಟಲಾಗ್‌ನಿಂದ ಆ ಕಡತವನ್ನು ಪೆನ್‌ಡ್ರೈವ್‌ಗೆ ಇಳಿಸಿ ತಂದು ಪ್ರತಿ ಯಂತ್ರಕ್ಕೂ ಕೈಯಾರೆ ಹಾಕಬಹುದು. 2004ರಲ್ಲಿ ವಿಂಡೋಸ್ ಎಕ್ಸ್‌ಪಿಯ ಎರಡನೇ ಸರ್ವಿಸ್ ಪ್ಯಾಕನ್ನು ನಾವೆಲ್ಲ ಸಿ.ಡಿ.ಯಲ್ಲಿ ಕೈಯಿಂದ ಕೈಗೆ ದಾಟಿಸಿಕೊಂಡದ್ದು ಹಿರಿಯ ಓದುಗರಿಗೆ ನೆನಪಿರಬಹುದು. ಅದೇ ಉಪಾಯ.

"ಅಪ್‌ಡೇಟೇ ಬೇಡ, ಬಂದ್ ಮಾಡಿಬಿಡಿ" ಎನ್ನುವವರೂ ಇದ್ದಾರೆ. ಅವರ ಮಾತನ್ನು ತಳ್ಳಿಹಾಕುವಂತಿಲ್ಲ. 2021ರ ಬೇಸಿಗೆಯ ನಂತರ ಪ್ರಿಂಟರ್ ಸಂಬಂಧದ ಒಂದು ದೊಡ್ಡ ತೂತನ್ನು ಮುಚ್ಚಲು ಬಂದ ತೇಪೆಗಳಿಂದ ಅನೇಕ ಕಛೇರಿಗಳಲ್ಲಿ ಜಾಲದ ಪ್ರಿಂಟರುಗಳೇ ಕೈಕೊಟ್ಟವು. ಹಳೆಯ ನುಡಿ, ಬರಹ ಅಕ್ಷರಗಳಲ್ಲಿ ಹತ್ತಾರು ವರ್ಷದ ಕಡತಗಳನ್ನಿಟ್ಟುಕೊಂಡವರಿಗೆ ಪ್ರತಿಯೊಂದು ಬದಲಾವಣೆಯೂ ಹೆದರಿಕೆ. ನಮ್ಮ ಕಛೇರಿಯಲ್ಲಿಯೂ "ಆಮೇಲೆ" ಎಂಬ ಗುಂಡಿಯನ್ನು ತಿಂಗಳುಗಟ್ಟಲೆ ಒತ್ತಿದ್ದುಂಟು. ವಾರದ ಪುಟ ಕಟ್ಟುವ ದಿನ ಯಂತ್ರ ತಾನಾಗಿ ಮರುಚಾಲನೆಗೊಂಡರೆ ಏನಾಗುತ್ತದೆಂದು ಅನುಭವಿಸಿದವರಿಗೇ ಗೊತ್ತು.

ಆದರೆ 2017ರ ಮೇ ತಿಂಗಳನ್ನು ಮರೆಯುವಂತಿಲ್ಲ. ಆ ತಿಂಗಳ 12ರಂದು ವನ್ನಾಕ್ರೈ ಎಂಬ ದುಷ್ಟ ತಂತ್ರಾಂಶ ಜಗತ್ತಿನಾದ್ಯಂತ ಹರಡಿತು. ಕಡತಗಳಿಗೆಲ್ಲ ಬೀಗ ಹಾಕಿ, ತೆರೆಯಲು 300 ಡಾಲರ್ ಬಿಟ್‌ಕಾಯಿನ್ ಕೇಳಿತು. ಬ್ರಿಟನ್ನಿನ ಸರ್ಕಾರಿ ಆಸ್ಪತ್ರೆಗಳು ರೋಗಿಗಳನ್ನು ಹಿಂದೆ ಕಳುಹಿಸಬೇಕಾಯಿತು. ನಮ್ಮ ನೆರೆಯ ಕೇರಳದಲ್ಲಿ ಅದು ಸಿಕ್ಕಿಬಿದ್ದದ್ದು ಎಲ್ಲಿ? ವಯನಾಡಿನ ತರಿಯೋಡ್ ಮತ್ತು ಪತ್ತನಂತಿಟ್ಟ ಜಿಲ್ಲೆಯ ಅರುವಾಪ್ಪುಲಂ ಪಂಚಾಯತ್ ಕಛೇರಿಗಳಲ್ಲಿ. ಲಂಡನ್ನಿನ ಆಸ್ಪತ್ರೆಯೂ ವಯನಾಡಿನ ಪಂಚಾಯತೂ ಒಂದೇ ತೂತಿನಿಂದ ಸೋರಿದವು. ಆ ತೂತಿಗೆ ತೇಪೆ ಮಾರ್ಚ್ 14ರಂದೇ, ಅಂದರೆ ಸುಮಾರು ಎರಡು ತಿಂಗಳು ಮೊದಲೇ ಬಂದಿತ್ತು! ಹಳೆಯ ಎಕ್ಸ್‌ಪಿ ಯಂತ್ರಗಳಿಂದಾಗಿ ಹೀಗಾಯಿತೆಂದು ಆಗ ಬಹಳ ಮಂದಿ ಹೇಳಿದರು. ವಾಸ್ತವದಲ್ಲಿ ಸೋಂಕು ತಗುಲಿದವುಗಳಲ್ಲಿ ಹೆಚ್ಚಿನವು ವಿಂಡೋಸ್ 7. ಅವುಗಳಿಗೆ ತೇಪೆ ಲಭ್ಯವಿತ್ತು, ಹಾಕಿರಲಿಲ್ಲ ಅಷ್ಟೇ. ಪಂಚಾಯತ್ ಕಛೇರಿಯ ಒಂದು ಯಂತ್ರ ಕೆಟ್ಟರೆ ನಷ್ಟ ಯಾರಿಗೆ? ಪಿಂಚಣಿಯ ಅರ್ಜಿ ಹಿಡಿದು ಎರಡು ಬಸ್ಸು ಬದಲಿಸಿ ಬಂದ ವಿಧವೆಗೆ. "ಸಿಸ್ಟಮ್ ಇಲ್ಲಮ್ಮ, ಸೋಮವಾರ ಬನ್ನಿ" ಎಂಬ ಉತ್ತರ ಕೇಳಿ ಅವಳು ಮರಳುತ್ತಾಳೆ.

ಇನ್ನೊಂದು ಬದಿಯೂ ಇದೆ. 2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಎಂಬ ಭದ್ರತಾ ಕಂಪನಿ ಕಳುಹಿಸಿದ ಒಂದು ದೋಷಪೂರಿತ ಕಡತದಿಂದ ಸುಮಾರು 85 ಲಕ್ಷ ವಿಂಡೋಸ್ ಯಂತ್ರಗಳು ನೀಲಿ ಪರದೆ ತೋರಿಸಿ ನಿಂತವು. ನಮ್ಮ ದೇಶದ ವಿಮಾನ ನಿಲ್ದಾಣಗಳಲ್ಲಿ ಪ್ರಯಾಣಿಕರಿಗೆ ಬೋರ್ಡಿಂಗ್ ಪಾಸುಗಳನ್ನು ಕೈಯಲ್ಲಿ ಬರೆದುಕೊಡಲಾಯಿತು. ಇದು ವಿಂಡೋಸ್‌ನ ಸ್ವಂತ ಅಪ್‌ಡೇಟ್ ಆಗಿರಲಿಲ್ಲ. ಆದರೂ ಎಲ್ಲಾ ಯಂತ್ರಗಳಿಗೂ ಒಂದೇ ಗಳಿಗೆಯಲ್ಲಿ ಕಳುಹಿಸಿದರೆ ಏನಾಗಬಹುದೆಂದು ಅದು ತೋರಿಸಿತು. ದೇಸೂರದ ಶಿಕ್ಷಕಿಗೆ ನಾವು "ಮೊದಲು ಒಂದಕ್ಕೆ ಹಾಕಿ, ಎರಡು ದಿನ ನೋಡಿ, ಆಮೇಲೆ ಉಳಿದವಕ್ಕೆ" ಎಂದು ಹೇಳಿದ್ದು ಮೊಬೈಲ್ ಡೇಟಾ ಉಳಿಸಲು ಮಾತ್ರವಲ್ಲ.

ಜವಾಬ್ದಾರಿಯನ್ನು ಹೆಸರಿಟ್ಟು, ದಿನಾಂಕವಿಟ್ಟು ಹೊರಿಸಿದರೆ ಕೆಲಸ ಹೇಗೆ ಚುರುಕಾಗುತ್ತದೆ ಎನ್ನುವುದಕ್ಕೆ ಎಟಿಎಂಗಳ ಉದಾಹರಣೆ ಇದೆ. ಎಕ್ಸ್‌ಪಿಗೆ ಬೆಂಬಲ 2014ರ ಏಪ್ರಿಲ್ 8ಕ್ಕೇ ನಿಂತಿದ್ದರೂ ನಮ್ಮ ಹಣ ಎಣಿಸಿ ಕೊಡುವ ಪೆಟ್ಟಿಗೆಗಳು ವರ್ಷಗಟ್ಟಲೆ ಅದರಲ್ಲೇ ನಡೆದವು. ರಿಸರ್ವ್ ಬ್ಯಾಂಕ್ 2017ರಲ್ಲಿ ಎಚ್ಚರಿಸಿತು, ಬ್ಯಾಂಕುಗಳು ಹೆಚ್ಚು ಕದಲಲಿಲ್ಲ. 2018ರ ಜೂನ್‌ನಲ್ಲಿ ಅದು ಗಡುವನ್ನೇ ಕೊಟ್ಟಿತು. ಸೆಪ್ಟೆಂಬರ್‌ಗೆ ಕಾಲು ಭಾಗ, ಡಿಸೆಂಬರ್‌ಗೆ ಅರ್ಧ, 2019ರ ಮಾರ್ಚ್‌ಗೆ ಮುಕ್ಕಾಲು, ಜೂನ್‌ಗೆ ಪೂರ್ತಿ. ಬ್ಯಾಂಕಿನ ಆಡಳಿತ ಮಂಡಳಿಯ ಮುಂದೆ ಯೋಜನೆ ಇಟ್ಟು ಒಪ್ಪಿಗೆ ಪಡೆಯಬೇಕೆಂದೂ ವಿಧಿಸಿತು. ಶಾಲೆ, ಪಂಚಾಯತ್‌ಗಳ ಯಂತ್ರಗಳಿಗೆ ಇಂಥ ಒಂದು ಗಡುವನ್ನು ಯಾರು ಕೊಡಬೇಕು?

ಇದಕ್ಕೆ ಉತ್ತರ ಕಾಸರಗೋಡಿನಲ್ಲಿ ಸಿಗುತ್ತದೆ. ಮಂಜೇಶ್ವರ, ಕುಂಬಳೆಯ ಕನ್ನಡ ಮಾಧ್ಯಮದ ಮಕ್ಕಳು ಶಾಲೆಯಲ್ಲಿ ಬಳಸುವುದು ಕೇರಳ ಸರ್ಕಾರದ ಕೈಟ್ ಸಂಸ್ಥೆ ಉಬುಂಟು ಆಧರಿಸಿ ಸಿದ್ಧಪಡಿಸಿದ ಲಿನಕ್ಸನ್ನು. 2001ರಲ್ಲಿ ಐಟಿ@ಸ್ಕೂಲ್ ಎಂಬ ಯೋಜನೆಯಾಗಿ ಆರಂಭವಾದದ್ದು 2017ರಲ್ಲಿ ಕೈಟ್ ಕಂಪನಿಯಾಯಿತು. ಪಠ್ಯಕ್ಕೆ ಬೇಕಾದ ಎಲ್ಲಾ ತಂತ್ರಾಂಶಗಳನ್ನೂ ಒಂದೇ ಕಟ್ಟಿನಲ್ಲಿ ಸೇರಿಸಿ, ಒಂದು ಕಡೆ ಪರೀಕ್ಷಿಸಿ, ರಾಜ್ಯದ ಎಲ್ಲಾ ಶಾಲೆಗಳಿಗೂ ಅದನ್ನೇ ಕೊಡುತ್ತಾರೆ. ಪರವಾನಗಿಯ ಹಣವಿಲ್ಲ. ಆದರೆ ನಮ್ಮ ಗಮನ ಸೆಳೆದದ್ದು ಉಚಿತ ಎಂಬುದಲ್ಲ. ಪ್ರತಿ ಪ್ರೌಢಶಾಲೆಯಲ್ಲಿ ಒಬ್ಬ ಶಿಕ್ಷಕರನ್ನು ಐಟಿ ಸಂಯೋಜಕರೆಂದು ನೇಮಿಸಿರುತ್ತಾರೆ. ಅವರ ಮೇಲೆ ಜಿಲ್ಲೆಯಲ್ಲಿ ಮಾಸ್ಟರ್ ಟ್ರೈನರ್‌ಗಳಿರುತ್ತಾರೆ. ಯಂತ್ರ ನಿಂತರೆ ಯಾರನ್ನು ಕೇಳಬೇಕೆಂದು ಎಂಟನೇ ತರಗತಿಯ ಹುಡುಗನಿಗೂ ಗೊತ್ತು. ಗಡಿಯಿಂದ ಈಚೆ ನಮ್ಮ ರಾಜ್ಯದಲ್ಲಿಯೂ ಪ್ರಯತ್ನ ನಡೆಯದೆ ಇಲ್ಲ. ಮಾಹಿತಿ ಸಿಂಧು ಯೋಜನೆಯಲ್ಲಿ ಸಾವಿರ ಸರ್ಕಾರಿ ಪ್ರೌಢಶಾಲೆಗಳಿಗೆ ಖಾಸಗಿ ಸಂಸ್ಥೆಗಳ ಮೂಲಕ ಗಣಕ ಶಿಕ್ಷಣ ಬಂತು. ಗುತ್ತಿಗೆಯ ಅವಧಿ ಮುಗಿದ ಮೇಲೆ ಕಲಿಸುವವರು ಹೋದರು, ಯಂತ್ರಗಳು ಉಳಿದವು. ಲಿನಕ್ಸ್ ಮೇಲೋ ವಿಂಡೋಸ್ ಮೇಲೋ ಎಂಬ ವಾದಕ್ಕಿಂತ ಸಂಯೋಜಕರ ಆ ಒಂದು ಕುರ್ಚಿ ದೊಡ್ಡದು ಎಂಬುದು ನಮ್ಮ ಅಭಿಪ್ರಾಯ.

ಈ ಕುರ್ಚಿ ಖಾಲಿಯಿದ್ದದ್ದರ ಬೆಲೆ 2025ರ ಅಕ್ಟೋಬರ್ 14ರಂದು ಗೊತ್ತಾಯಿತು. ಅಂದು ವಿಂಡೋಸ್ 10ಕ್ಕೆ ಉಚಿತ ಬೆಂಬಲ ನಿಂತಿತು. ವಿಂಡೋಸ್ 11ಕ್ಕೆ ಹೋಗಬೇಕೆಂದರೆ ಟಿಪಿಎಂ 2.0 ಎಂಬ ಭದ್ರತಾ ಅಂಶ, ಇಂಟೆಲ್ ಆದರೆ ಸಾಮಾನ್ಯವಾಗಿ ಎಂಟನೇ ತಲೆಮಾರಿನ ಅಥವಾ ನಂತರದ ಪ್ರೊಸೆಸರ್ ಬೇಕು. ದಾನವಾಗಿ ಬರುವ ಯಂತ್ರಗಳಲ್ಲಿ ಇದೆಲ್ಲ ಎಲ್ಲಿರುತ್ತದೆ? ಕಂಪನಿಗಳು ಕೈಬಿಟ್ಟವುಗಳೇ ಶಾಲೆಗೆ ಬರುವುದು. ಮನೆಯ ಬಳಕೆದಾರರಿಗೆ 2026ರ ಅಕ್ಟೋಬರ್ 13ರವರೆಗೆ ಭದ್ರತಾ ತೇಪೆಗಳನ್ನು ಮುಂದುವರಿಸುವ ಯೋಜನೆಯನ್ನು ಮೈಕ್ರೋಸಾಫ್ಟ್ ಪ್ರಕಟಿಸಿತು. ಶಿಕ್ಷಣ ಸಂಸ್ಥೆಗಳಿಗೆ ಯಂತ್ರವೊಂದಕ್ಕೆ ಮೊದಲ ವರ್ಷ 1 ಡಾಲರ್, ಎರಡನೇ ವರ್ಷ 2, ಮೂರನೇ ವರ್ಷ 4 ಡಾಲರ್ ಎಂದು ದರ ನಿಗದಿಯಾಯಿತು. ಒಂದು ಡಾಲರ್ ದೊಡ್ಡ ಮೊತ್ತವಲ್ಲ. ಆದರೆ ಅದನ್ನು ಸಂಸ್ಥೆಗಳ ಪರವಾನಗಿಯ ಮೂಲಕ ಕೊಳ್ಳಬೇಕು, ಅರ್ಜಿ ಹಾಕಬೇಕು, ಯಾವ ಯಂತ್ರಕ್ಕೆ ಎಂದು ಪಟ್ಟಿ ಮಾಡಬೇಕು. ಪಟ್ಟಿ ಯಾರ ಬಳಿ ಇದೆ?

ದೇಸೂರದ ಕಡೆಯ ಆ ಶಿಕ್ಷಕಿ ಜೂನ್‌ನಲ್ಲೇ ಒಂದು ನೋಟ್ ಬುಕ್ ಇಟ್ಟರು. ಎಡಗಡೆ ಯಂತ್ರಗಳಿಗೆ ಒಂದರಿಂದ ಹನ್ನೊಂದರವರೆಗೆ ಸಂಖ್ಯೆ, ಮೇಲ್ಗಡೆ ತಿಂಗಳುಗಳು. ಎರಡನೇ ಮಂಗಳವಾರ ಕಳೆದ ಮೇಲೆ ಬರುವ ಶನಿವಾರ ಮಧ್ಯಾಹ್ನ, ಶಾಲೆ ಬಿಟ್ಟ ಬಳಿಕ, ಒಂಬತ್ತನೇ ತರಗತಿಯ ಇಬ್ಬರು ಹುಡುಗಿಯರ ನೆರವಿನಿಂದ ಕೆಲಸ. ಒಂದನೇ ಯಂತ್ರ ಮೊದಲು, ಉಳಿದವು ಮುಂದಿನ ಶನಿವಾರ. ಮೂರು ತಿಂಗಳು ತಪ್ಪದೆ ನಡೆಯಿತು, ಒಂದೇ ಒಂದು ತರಗತಿಯೂ ಕೆಡಲಿಲ್ಲ.

ನವೆಂಬರ್‌ನಲ್ಲಿ ಅವರು ದೂರವಾಣಿ ಕರೆ ಮಾಡಿದ್ದರು. ಹನ್ನೊಂದರಲ್ಲಿ ನಾಲ್ಕು ಮಾತ್ರ ವಿಂಡೋಸ್ 11ಕ್ಕೆ ಹೋಗಿವೆಯಂತೆ. ಉಳಿದ ಏಳರಲ್ಲಿ ಒಂದಕ್ಕೆ ಲಿನಕ್ಸ್ ಹಾಕಿ ನೋಡುತ್ತಿದ್ದಾರೆ, ಆರನ್ನು ಸದ್ಯಕ್ಕೆ ಅಂತರ್ಜಾಲದಿಂದ ಬಿಡಿಸಿಟ್ಟಿದ್ದಾರೆ. "ಹುಡುಗ್ರಿಗೆ ಲಿನಕ್ಸ್ ನಡೀತದರೀ ಫಾದರ್, ಕನ್ನಡಾನೂ ಮೂಡ್ತದ, ಮರಾಠಿನೂ ಮೂಡ್ತದ. ಪ್ರಿಂಟರ್ ಒಂದ ಇನ್ನೂ ಮಾತ ಕೇಳವಲ್ದು" ಎಂದರು. ಪ್ರಿಂಟರಿನ ಮಾದರಿ ಸಂಖ್ಯೆಯನ್ನು ಬರೆದುಕೊಂಡಿದ್ದೇವೆ. ಕಾಸರಗೋಡಿನ ಕಡೆಯ ಪರಿಚಯದ ಶಿಕ್ಷಕರೊಬ್ಬರನ್ನು ವಿಚಾರಿಸಿ ತಿಳಿಸುತ್ತೇವೆಂದು ಹೇಳಿದ್ದೇವೆ.